ನಿದ್ದೆಯ ಮಾತ್ರೆ ಜ್ವರದ ಮದ್ದಾದೀತೇ?

ಮಳೆಗಾಲ ಹಿಡಿಯಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಕ್ಲಿನಿಕ್ಕುಗಳ ಮುಂದೆ ಜ್ವರದವರ ಸಾಲು ಬೆಳೆಯುತ್ತದೆ. ರಕ್ತ ಪರೀಕ್ಷೆಯ ಚೀಟಿ ಕೈಗೆ ಬರುವ ಮೊದಲೇ ಮನೆಯಲ್ಲಿ ಪರಂಗಿ ಎಲೆ ಅರೆದು ರಸ ತೆಗೆದಿರುತ್ತಾರೆ. ಪೇಟೆಯಿಂದ ಯಾರೋ ಕಿವಿ ಹಣ್ಣು ತಂದಿರುತ್ತಾರೆ. ಇಂಥ ಮದ್ದುಗಳ ಮಾತಿನ ನಡುವೆ ಕೋವಿಡ್ ಕಾಲದಿಂದ ಮೆಲಟೋನಿನ್ ಎಂಬ ಹೆಸರೂ ಕೇಳಿಬರುತ್ತಿದೆ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರಿಗೆ ಕೊಟ್ಟ ಔಷಧಿಗಳಲ್ಲಿ ಅದೂ ಇತ್ತೆಂದು ಅವರ ವೈದ್ಯರು ತಿಳಿಸಿದ ಮೇಲೆ ಅದರ ಹೆಸರು ಇನ್ನಷ್ಟು ಹಬ್ಬಿತು.

ಮೆಲಟೋನಿನ್ ನಮ್ಮ ದೇಹವೇ ತಯಾರಿಸುವ ಹಾರ್ಮೋನು. ಮಿದುಳಿನ ನಡುವೆ ಇರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿ ಕತ್ತಲಾದ ಮೇಲೆ ಅದನ್ನು ರಕ್ತಕ್ಕೆ ಬಿಡುತ್ತದೆ. ಬೆಳಕು ಬಿದ್ದರೆ ನಿಲ್ಲಿಸುತ್ತದೆ. ವಯಸ್ಸಾದಂತೆ ಅದರ ಪ್ರಮಾಣ ಇಳಿಯುತ್ತದೆ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಏರನ್ ಲರ್ನರ್ ಅದನ್ನು ದನಗಳ ಪೀನಿಯಲ್ ಗ್ರಂಥಿಯಿಂದ ಬೇರ್ಪಡಿಸಿದರು. ಇಂದು ಅದು ಬಹುಪಾಲು ಜನರಿಗೆ ನಿದ್ದೆಯ ಮಾತ್ರೆ.

ನಿದ್ದೆಯ ಹಾರ್ಮೋನಿಗೂ ವೈರಸ್ಸಿಗೂ ಏನು ಸಂಬಂಧ? ತೀವ್ರ ಕೋವಿಡ್‌ನಲ್ಲಿ ಅನೇಕರನ್ನು ಕೊಂದದ್ದು ವೈರಸ್ ಒಂದೇ ಅಲ್ಲ. ಅದನ್ನು ಸುಡಲು ಎದ್ದ ದೇಹದ ಉರಿಯೂತ, ಕಬ್ಬಿನ ತರಗಿಗೆ ಇಟ್ಟ ಬೆಂಕಿ ಪಕ್ಕದ ಗದ್ದೆಯ ನಿಂತ ಬೆಳೆಗೆ ಹಾರಿದ ಹಾಗೆ, ಶ್ವಾಸಕೋಶವನ್ನೇ ಹಿಡಿದುಕೊಂಡಿತು. ಜೀವಕೋಶದೊಳಗೆ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನುಗಳ ಕೂಟ ಎಚ್ಚೆತ್ತಾಗ ಈ ಉರಿ ಏರುತ್ತದೆ. ಪ್ರಯೋಗಾಲಯದ ಕೋಶಗಳಲ್ಲಿ, ಇಲಿಗಳಲ್ಲಿ, ಮೆಲಟೋನಿನ್ ಈ ಕೂಟವನ್ನು ತಗ್ಗಿಸುತ್ತದೆ, ಜೊತೆಗೆ ಕೋಶಕ್ಕೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳನ್ನೂ ಹೀರುತ್ತದೆ. ಹಾಗಾಗಿ ವಿಜ್ಞಾನಿಗಳ ಆಸೆಗೆ ಗಟ್ಟಿ ಕಾರಣವಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ.

ಮನುಷ್ಯರಲ್ಲಿ ಏನಾಯಿತು? 2001ರಲ್ಲಿ ಇಟಲಿಯ ವೈದ್ಯರು ರಕ್ತ ನಂಜಾಗಿದ್ದ 20 ನವಜಾತ ಶಿಶುಗಳ ಪೈಕಿ 10ಕ್ಕೆ ಮೆಲಟೋನಿನ್ ಕೊಟ್ಟರು. ಆ ಹತ್ತೂ ಬದುಕಿದವು. ಕೊಡದ ಹತ್ತರಲ್ಲಿ ಮೂರು ತೀರಿಕೊಂಡವು. ಕೋವಿಡ್ ಕಾಲದಲ್ಲಿ ಇರಾಕಿನ ಮೋಸುಲ್‌ನಲ್ಲಿ 158 ತೀವ್ರ ರೋಗಿಗಳ ಪರೀಕ್ಷೆ ನಡೆಯಿತು. ದಿನಕ್ಕೆ 10 ಮಿಲಿಗ್ರಾಂ ಪಡೆದವರಲ್ಲಿ ರಕ್ತ ಹೆಪ್ಪುಗಟ್ಟುವುದೂ ಸಾವೂ ಕಡಿಮೆ ಕಂಡವು. ಓದಿದರೆ ಮನಸ್ಸು ಅರಳುತ್ತದೆ. ಆದರೆ ಇಪ್ಪತ್ತು ಮಕ್ಕಳಲ್ಲಿ ಒಂದೆರಡು ಸಾವು ಆಚೀಚೆಯಾದರೂ ಲೆಕ್ಕ ತಿರುಗಿಬಿಡುತ್ತದೆ.

ದೊಡ್ಡ ಪರೀಕ್ಷೆ ಏನು ಮಾಡಬಲ್ಲದು ಎಂಬುದನ್ನು ಅದೇ ಸಾಂಕ್ರಾಮಿಕ ತೋರಿಸಿತು. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಊರಿಗೆ ಮರಳಿದವರ ನಡುವೆ ಮಂಡ್ಯ ಜಿಲ್ಲೆಯ ಪ್ರಕರಣಗಳು ಏರುತ್ತಿದ್ದಾಗ ವೈದ್ಯರ ಕೈಯಲ್ಲಿ ಇದ್ದದ್ದು ಬಹುಪಾಲು ಊಹೆ. ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪರೀಕ್ಷೆಯ ಫಲ ಬಂತು. ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ ನೋಡಿದಾಗ, ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ಆಮ್ಲಜನಕ ಬೇಡದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ಅಷ್ಟೇ ಭರವಸೆ ಹುಟ್ಟಿಸಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಅದೇ ಪರೀಕ್ಷೆಯಲ್ಲಿ ಸೋತಿತು. ಮೆಲಟೋನಿನ್ ಸಾವು ತಡೆಯುತ್ತದೆಯೇ ಎಂದು ಹೇಳಬಲ್ಲ ಇಂಥ ದೊಡ್ಡ ಪರೀಕ್ಷೆ ಬೇಕೇ ಬೇಕು. ಅಗ್ಗದ ಮಾತ್ರೆಯ ಹಿಂದೆ ಹಣ ಹೂಡಲು ಕಂಪನಿಗಳಿಗೆ ಆಸಕ್ತಿ ಕಡಿಮೆ. ಸರ್ಕಾರವೇ ಮಾಡಿಸಬೇಕೆಂಬುದು ನನ್ನ ಒತ್ತಾಯ. ಆಸ್ಟ್ರೇಲಿಯಾದಲ್ಲಿ 850 ಐಸಿಯು ರೋಗಿಗಳ ಮೇಲೆ, ಬುದ್ಧಿಭ್ರಮೆ ತಡೆಯಲೆಂದು 4 ಮಿಲಿಗ್ರಾಂ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ ಎಂಬುದನ್ನೂ ಮರೆಯಬಾರದು.

ಇನ್ನು ನಮ್ಮ ಡೆಂಗಿಯ ಮಾತು. ರಾಜ್ಯ ಸರ್ಕಾರ 2024ರಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಎಳನೀರು ಮಾರುಕಟ್ಟೆಗೆ ಹೆಸರಾದ ಮದ್ದೂರಿನ ಸುತ್ತ ಎಸೆದ ಬುರುಡೆಯಲ್ಲಿ ನಿಂತ ಮಳೆನೀರೇ ಡೆಂಗಿ ಹರಡುವ ಸೊಳ್ಳೆಗೆ ಸಾಕು. ಪ್ರಯೋಗಾಲಯದ ಕೋಶಗಳಲ್ಲಿ ಮೆಲಟೋನಿನ್ ಡೆಂಗಿ ವೈರಸ್ಸನ್ನು ತಡೆದದ್ದುಂಟು, ಅದು ರೋಗಿಯ ಹಾಸಿಗೆಯವರೆಗೆ ಬಂದಿಲ್ಲ. ವೈರಸ್ಸನ್ನೇ ಕೊಲ್ಲುವ ಮದ್ದು ಇಲ್ಲದೆಯೂ, ತೀವ್ರ ಡೆಂಗಿಯಲ್ಲಿ ಶೇ 20 ಮೀರಬಹುದಾದ ಸಾವನ್ನು ಶೇ 1ಕ್ಕಿಂತ ಕೆಳಗೆ ಇಳಿಸಿರುವುದು ಹೊತ್ತಿಗೆ ಸರಿಯಾಗಿ, ಅಳೆದು ಕೊಡುವ ದ್ರವ ಮತ್ತು ನಿಗಾ. ಜ್ವರ ಇಳಿದ ಹೊತ್ತೇ ಅಪಾಯದ ಹೊತ್ತು. ಆಗ ಹೊಟ್ಟೆ ತೀವ್ರವಾಗಿ ನೋಯುವುದು, ವಾಂತಿ ನಿಲ್ಲದಿರುವುದು, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಯಾವ ಮಾತ್ರೆಯನ್ನೂ ನಂಬಿ ಮನೆಯಲ್ಲಿ ಕೂರದೆ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೊರಡಬೇಕು.

ನಿದ್ದೆಗೆಂದು ಮೆಲಟೋನಿನ್ ತೆಗೆದುಕೊಳ್ಳುತ್ತಿರುವವರು ಜ್ವರ ಬಂದಾಗ ಅದನ್ನು ವೈದ್ಯರಿಗೆ ಹೇಳಲೇಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ ಹೆಚ್ಚು. ಡೆಂಗಿಯಲ್ಲಂತೂ ಆ ಭಯ ಮೊದಲೇ ಇರುತ್ತದೆ. ಅಮೆರಿಕದಲ್ಲಿ 2023ರಲ್ಲಿ ಪರೀಕ್ಷಿಸಿದ 25 ಬಗೆಯ ಮೆಲಟೋನಿನ್ ಗಮ್ಮಿಗಳ (ಅಗಿದು ತಿನ್ನುವ ಮಾತ್ರೆಗಳ) ಪೈಕಿ 22ರಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆಯಾಗಲಿಲ್ಲ. ಆದ್ದರಿಂದ ಬಾಯಿಮಾತಿನಲ್ಲಿ ಹೆಸರು ಹೇಳಿದರೆ ಸಾಲದು, ಮಾತ್ರೆಯ ಡಬ್ಬಿಯನ್ನೇ ಜೊತೆಗೆ ಒಯ್ಯಿರಿ.