‘ಎಲ್ಲಾ ಪ್ರಕೃತಿಯ ಚಕ್ರ’ ಅನ್ನೋರಿಗೆ: ಯಾವ ಚಕ್ರ, ಎಷ್ಟು ವರ್ಷದ್ದು?

ಸ್ವಲ್ಪ ಉದ್ದ ಇದೆ, ನೀರು ತಿರುಗಿಸಿ ಕೂತಾಗ ಓದಿ.

ಭೂಮಿಯ ಹವಾಮಾನ ಲಕ್ಷಾಂತರ ವರ್ಷದಿಂದ ಬದಲಾಗ್ತಾನೇ ಇದೆ, ಇದೂ ಅಂಥದ್ದೇ ಒಂದು ಚಕ್ರ, ಹೋದ ಮಳೆ ತಿರುಗಿ ಬರುತ್ತೆ, ಹೆದರಬೇಡಿ ಅನ್ನೋ ಮಾತು ಮತ್ತೆ ಎಲ್ಲ ಗ್ರೂಪಲ್ಲೂ ಓಡಾಡ್ತಿದೆ. ಇದರ ಮೊದಲರ್ಧ ಅಪ್ಪಟ ನಿಜ. ಎರಡನೇ ಅರ್ಧ ನಂಬಿಕೊಂಡು ರಾಗಿ, ಶೇಂಗಾ ಬೆಳೀತಿದ್ದ ಕೆಂಪು ಮಣ್ಣಲ್ಲಿ ಅಡಿಕೆ ಸಸಿ ಕೂರಿಸ್ತಿದ್ದೀವಿ. ಅಡಿಕೆ ಮೂವತ್ತು ನಲವತ್ತು ವರ್ಷದ ಬೆಳೆ. ‘ಮಳೆ ಸರಿಹೋಗೋವರೆಗೆ ಬೋರ್‌ವೆಲ್ ಸಾಕು’ ಅಂತ ಲೆಕ್ಕ ಹಾಕಿ ಸಾಲ ಎತ್ತಿದ ಮನೆಗಳು ನಮ್ಮ ಸುತ್ತಲೇ ಇವೆ. ಅದಕ್ಕೇ ಕೇಳ್ತಿರೋದು, ತಿರುಗಿ ಬರುತ್ತೆ ಅನ್ನೋದಾದ್ರೆ ಯಾವ ಚಕ್ರ? ಅದರ ಸುತ್ತು ಎಷ್ಟು ವರ್ಷದ್ದು?

ನಮಗೆ ಗೊತ್ತಿರೋ ಚಕ್ರದಿಂದಲೇ ಶುರು ಮಾಡೋಣ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ಕ್ಕೆ, ಆರಿದ್ರಾ 22ಕ್ಕೆ. ‘ನಕ್ಷತ್ರಗಳೇ ಸರಿದುಬಿಟ್ಟಿವೆ, ಅದಕ್ಕೇ ಮಳೆ ತಪ್ತಿದೆ’ ಅಂತ ಕೆಲವರು ಹೇಳ್ತಾರೆ. ನಕ್ಷತ್ರ ಸರಿಯೋದು ಸುಳ್ಳಲ್ಲ. ಭೂಮಿಯ ಅಕ್ಷ, ಸುತ್ತಿ ಸುಸ್ತಾದ ಬುಗುರಿ ಹಾಗೆ ನಿಧಾನವಾಗಿ ವಾಲಾಡುತ್ತೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಗಲು ಬೆಳೆಯೋಕೆ ಶುರುವಾಗೋದು ಡಿಸೆಂಬರ್ 22ಕ್ಕೆ, ನಾವು ಸಂಕ್ರಾಂತಿ ಮಾಡೋದು ಜನವರಿ 14–15ಕ್ಕೆ. ಈ ಮೂರೂವರೆ ವಾರದ ಅಂತರ ಬಂದಿರೋದು ಆ ವಾಲಾಟದಿಂದಲೇ. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಬೀಳ್ತಿದ್ವು. ಈಗ ಲೆಕ್ಕ ಹಾಕಿ: ಹೆಚ್ಚುಕಡಿಮೆ 70 ವರ್ಷಕ್ಕೆ ಒಂದು ದಿನ. ನಮ್ಮ ತಾತ ಬಿತ್ತಿದ ಕಾಲಕ್ಕೂ ನಮಗೂ ಆರಿದ್ರಾ ಒಂದು ದಿನ ಆಚೀಚೆ ಆಗಿರಬಹುದು, ಅಷ್ಟೇ. ಮಳೆ ಮೂರು ವಾರ ಏರುಪೇರಾದ್ರೆ ಪಂಚಾಂಗದ ತಪ್ಪಲ್ಲ.

ಆದ್ರೆ ಇದೇ ವಾಲಾಟಕ್ಕೆ ದೊಡ್ಡ ತಾಕತ್ತೂ ಇದೆ, ಸಮಯ ಕೊಡಬೇಕು ಅಷ್ಟೇ. ಈಗ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರ, ನಮ್ಮ ಚಳಿಗಾಲದಲ್ಲಿ. ಹತ್ತು ಸಾವಿರ ವರ್ಷದ ಹಿಂದೆ ನಮ್ಮ ಬೇಸಿಗೆಯ ಹೊತ್ತಿಗೆ ಹತ್ತಿರ ಬರ್ತಿತ್ತು. ಆಗ ನೆಲ ಜಾಸ್ತಿ ಕಾದು, ಮುಂಗಾರು ಜೋರಾಗಿ, ಈಗಿನ ಸಹಾರಾ ಮರಳುಗಾಡಲ್ಲಿ ಹುಲ್ಲು, ಕೆರೆ ಎಲ್ಲ ಇದ್ವು. ರಾಜಸ್ಥಾನದ ಲೂಣಕರಣ್‌ಸರ್‌ನಲ್ಲಿ ನೀರು ನಿಂತಿದ್ದ ಸರೋವರ ಐದು ಸಾವಿರ ವರ್ಷದ ಆಸುಪಾಸಿನಲ್ಲಿ ಬತ್ತಿ ಹೋಯ್ತು. ಅಕ್ಷದ ಓರೆ ಹೆಚ್ಚುಕಡಿಮೆ ಆಗೋಕೆ 41,000 ವರ್ಷ, ಕಕ್ಷೆ ದುಂಡಗಾಗಿ ಮತ್ತೆ ಉದ್ದ ಆಗೋಕೆ ಸುಮಾರು ಲಕ್ಷ ವರ್ಷ. ಇದನ್ನೆಲ್ಲ ಕೂತು ಕೈಯಲ್ಲೇ ಗುಣಿಸಿ ಹಿಮಯುಗಗಳಿಗೆ ಹೊಂದಿಸಿದವನು ಸರ್ಬಿಯಾದ ಮಿಲಾಂಕೊವಿಚ್. ಆ ಲೆಕ್ಕ ಮಾತ್ರ ನೋಡಿದ್ರೆ ಭೂಮಿ ಈಗ ನಿಧಾನವಾಗಿ ತಣ್ಣಗಾಗೋ ದಿಕ್ಕಲ್ಲಿರಬೇಕಿತ್ತು. ಆಗ್ತಿರೋದು ಉಲ್ಟಾ.

ಇನ್ನು ಸೂರ್ಯ. ಅವನಿಗೂ 11 ವರ್ಷದ ಏರಿಳಿತ ಇದೆ. 1978ರಿಂದ ಉಪಗ್ರಹದಲ್ಲಿ ಅಳೀತಿದ್ದಾರೆ, ಬಿಸಿಲಿನ ಬಲ ಏರುತ್ತೆ, ಇಳಿಯುತ್ತೆ, ಒಟ್ಟಲ್ಲಿ ಹೆಚ್ಚಿಲ್ಲ. ಜ್ವಾಲಾಮುಖಿ? 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಇಡೀ ಭೂಮಿ ಅರ್ಧ ಡಿಗ್ರಿಯಷ್ಟು ತಣ್ಣಗಾಗಿ, ಎರಡು ಮೂರು ವರ್ಷಕ್ಕೆ ಸರಿಹೋಯ್ತು. ಎಲ್ ನಿನೊ ಎರಡರಿಂದ ಏಳು ವರ್ಷಕ್ಕೊಮ್ಮೆ ಬಂದು ಹೋಗೋದು. 2023ರ ಆಗಸ್ಟ್ 1901ರಿಂದೀಚೆಗೆ ದೇಶದಲ್ಲೇ ಅತಿ ಒಣ ಆಗಸ್ಟ್ ಆಗಿದ್ದರಲ್ಲಿ ಅದರ ಕೈವಾಡ ಇತ್ತು. ಹಾಗಂತ ಅದೂ ನೆಚ್ಚಿಕೊಳ್ಳೋ ಅಳತೆ ಅಲ್ಲ, 1997ರಲ್ಲಿ ಭಾರೀ ಎಲ್ ನಿನೊ ಇದ್ದೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯ್ತು.

ಈಗ ಉಳಿದದ್ದು ಗಾಳಿ. ಮಾಗಿ ಚಳೀಲಿ ಮೋಡ ಇಲ್ಲದ ರಾತ್ರಿ ಹೊಲ ಕಾಯೋಕೆ ಹೋದ್ರೆ ಹಲ್ಲು ಕಟಕಟ ಅನ್ನುತ್ತೆ, ಮೋಡ ಕವಿದ ರಾತ್ರಿ ಕಂಬಳಿ ಬೇಡ. ಹಗಲು ಕುಡಿದ ಶಾಖವನ್ನ ನೆಲ ರಾತ್ರಿ ಮೇಲಕ್ಕೆ ಬಿಡುತ್ತೆ, ಮೋಡ ಅದನ್ನ ತಡೆದು ವಾಪಸ್ ಕಳಿಸುತ್ತೆ. ಗಾಳಿಯಲ್ಲಿರೋ ನೀರಾವಿ, ಕಾರ್ಬನ್ ಡೈಆಕ್ಸೈಡ್ ಹಗಲೂ ರಾತ್ರಿ ಮಾಡೋದು ಇದೇ ಕೆಲಸ. ಅವು ಇಲ್ಲದಿದ್ರೆ ಭೂಮಿಯ ಸರಾಸರಿ ಉಷ್ಣಾಂಶ 15 ಡಿಗ್ರಿ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರ್ತಿತ್ತು. ಇದೇನೂ ನಿನ್ನೆ ಮೊನ್ನೆ ಯಾರೋ ಹುಟ್ಟಿಸಿದ ಕಥೆಯಲ್ಲ, 1856ರಲ್ಲೇ ಯೂನಿಸ್ ಫೂಟ್ ಅನ್ನೋ ಅಮೆರಿಕದ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಗಾಳಿ ತುಂಬಿ ಬಿಸಿಲಿಗಿಟ್ಟು ಈ ಅನಿಲ ಜಾಸ್ತಿ ಕಾಯುತ್ತೆ ಅಂತ ತೋರಿಸಿದ್ಲು.

ಅಂಟಾರ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಹಳೇ ಗಾಳಿಯ ಗುಳ್ಳೆಗಳನ್ನ ಅಳೆದಿದ್ದಾರೆ. ಎಂಟು ಲಕ್ಷ ವರ್ಷದಲ್ಲಿ ಈ ಅನಿಲ ಹತ್ತು ಲಕ್ಷ ಪಾಲಿಗೆ 180ರಿಂದ 300ರ ನಡುವೆಯೇ ಓಡಾಡಿದೆ. ಕೊನೆಯ ಹಿಮಯುಗ ಮುಗಿಯುವಾಗ ಅದು 100 ಪಾಲು ಏರೋಕೆ ಸಾವಿರಾರು ವರ್ಷ ಹಿಡೀತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ 315 ಇತ್ತು, ಈಗ 420 ದಾಟಿದೆ. ಸಾವಿರಾರು ವರ್ಷದ ಏರಿಕೆಯನ್ನ ಒಬ್ಬ ಮನುಷ್ಯನ ಆಯಸ್ಸಲ್ಲಿ ಮುಗಿಸಿದ್ದೀವಿ. ಅದು ಕಲ್ಲಿದ್ದಲು, ಎಣ್ಣೆಯಿಂದಲೇ ಬಂದದ್ದು ಅಂತ ಆ ಕಾರ್ಬನ್ನಿನ ಜಾತಕವೇ ಹೇಳುತ್ತೆ. ಬಹಳ ಹಳೇ ಇಂಗಾಲದಲ್ಲಿ ಕಾರ್ಬನ್-14 ಉಳಿದಿರಲ್ಲ. ಬಿಸಿ ಏರೋಕೆ ಸೂರ್ಯ ಕಾರಣ ಆಗಿದ್ರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು. ಕೆಳಗೆ ಕಾಯ್ತಿದೆ, ಮೇಲಿನದು ತಣ್ಣಗಾಗ್ತಿದೆ. ಶಾಖ ಕೆಳಗೇ ಸಿಕ್ಕಿಕೊಂಡಿದೆ ಅನ್ನೋಕೆ ಇನ್ನೇನು ಗುರುತು ಬೇಕು? 2024ರಲ್ಲಿ ಭೂಮಿಯ ಸರಾಸರಿ, ಕಾರ್ಖಾನೆಗಳು ಬರೋ ಮುಂಚಿನದಕ್ಕಿಂತ 1.5 ಡಿಗ್ರಿ ದಾಟಿತು. ಅದರಲ್ಲಿ ಎಲ್ ನಿನೊ ಪಾಲು ಸ್ವಲ್ಪ ಇದೆ, ಅದು ಇಳಿಯುತ್ತೆ. ಉಳಿದದ್ದು ಇಳಿಯಲ್ಲ. ಮೇಲೆ ಹೋದ ಕಾರ್ಬನ್ನಿನಲ್ಲಿ ಒಂದು ಪಾಲು ಸಾವಿರಾರು ವರ್ಷ ಅಲ್ಲೇ ಇರುತ್ತೆ.

ಹಾಗಂತ ಎಲ್ಲದಕ್ಕೂ ಹವಾಮಾನ ಬದಲಾವಣೆ ಅಂತ ಬೋರ್ಡ್ ಹಾಕೋರನ್ನೂ ನಾನು ಒಪ್ಪಲ್ಲ. ಕೆರೆ ಹೂಳು ಎತ್ತದೆ, ರಾಜಕಾಲುವೆ ನುಂಗಿ, ಸಾವಿರ ಅಡಿ ಕೊರೆಸಿ ನೀರು ಬತ್ತಿಸಿದ್ದು ಭೂಮಿಯ ಕಕ್ಷೆಯೂ ಅಲ್ಲ, ಕಾರ್ಬನ್ನೂ ಅಲ್ಲ. ಬರ ಪರಿಹಾರ ಕೇಳಿದಾಗ ಆ ಬೋರ್ಡ್ ತೋರಿಸಿ ಕೈ ತೊಳೆಯೋದು ಬೇರೆ ಜಾತಿಯ ಸುಳ್ಳು. ನಮ್ಮ ದೇಶದ ತಲಾ ಹೊಗೆ ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ, ಆ ಸಿಟ್ಟು ನನಗೂ ಇದೆ. ಸಿಟ್ಟು ಇದೆ ಅಂತ ಲೆಕ್ಕ ಬದಲಾಗಲ್ಲ.

ಮಳೆಯೇ ಇಲ್ಲದಂಗಾಗುತ್ತೆ ಅಂತಾನೂ ನಾನು ಹೇಳ್ತಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತೆ, ಹಿಡಿದದ್ದನ್ನ ಒಮ್ಮೆಗೇ ಸುರಿಯುತ್ತೆ. ಪುಣೆಯ ಹವಾಮಾನ ವಿಜ್ಞಾನಿಗಳ ಲೆಕ್ಕದಲ್ಲಿ ಮಧ್ಯ ಭಾರತದಲ್ಲಿ ವ್ಯಾಪಕ ಅತಿಮಳೆಯ ಘಟನೆಗಳು 1950ರಿಂದ 2015ಕ್ಕೆ ಮೂರು ಪಟ್ಟು ಆಗಿವೆ. ವರ್ಷದ ಕೊನೆಗೆ ಮಳೆಮಾಪಕದಲ್ಲಿ ‘ವಾಡಿಕೆ ಮಳೆ’ ಅಂತಲೇ ಬರಬಹುದು. ನಡುವೆ ಇಪ್ಪತ್ತು ದಿನ ಒಣಗಾಲ ಬಿದ್ದು ರಾಗಿ ಬಾಡಿದ್ದು ಆ ಅಂಕಿಯಲ್ಲಿ ಕಾಣಲ್ಲ. ಇಂಥ ಮಳೆಗೆ ಮಡಿಯಲ್ಲಿ ತೊಗರಿ, ಅವರೆ ಅಕ್ಕಡಿ ಇದ್ದ ಹೊಲ ಒಂದು ಬೆಳೆ ಹೋದ್ರೂ ಇನ್ನೊಂದು ಕೊಡುತ್ತೆ. ಅಡಿಕೆ ತೋಟ ಒಂದು ಬೇಸಿಗೆ ನೀರು ತಪ್ಪಿದ್ರೆ ಸುಳಿ ಒಣಗಿ ಮುಗೀತು, ಸಾಲ ಮಾತ್ರ ಹಸಿರಾಗಿರುತ್ತೆ.

ಇನ್ನೊಂದು, ನಮ್ಮ ಬದುವಿನ ಕೋಡಿ, ಕೃಷಿಹೊಂಡದ ತೂಬು ಎಲ್ಲ ಹಳೇ ಮಳೆಯ ಅಳತೆಗೆ ಕಟ್ಟಿದ್ದು. ರೋಹಿಣಿಗೆ ಮುಂಚೆ ಕೋಡಿಯನ್ನ ಒಂದೂವರೆ ಪಟ್ಟು ಅಗಲ ಮಾಡಿ ಕಲ್ಲು ಹೊದಿಸೋಣ ಅಂತಿದ್ದೀನಿ. ಜೊತೆಗೆ ಮಾಡೋರು ಇದ್ರೆ ಹೇಳಿ, ಒಂದೇ ಸಲ ಜೆಸಿಬಿ ಕರೆಸಿದ್ರೆ ಬಾಡಿಗೆ ಹಂಚಿಕೊಳ್ಳಬಹುದು.