ಕೊಂಡುಕುರಿಗೆ ಬಾಡಿಗೆ ತಾಯಿ ಯಾರು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ತೋಟ-ಗದ್ದೆಗಳನ್ನು ಕಂಡು ಬಂದವರಿಗೆ ಅದೇ ದಾವಣಗೆರೆ ಜಿಲ್ಲೆಯ ಜಗಳೂರು ಬೇರೊಂದು ನಾಡೆಂಬಂತೆ ತೋರುವುದು. ಮಳೆ ಕಡಿಮೆ, ಕಾಡೆಂದರೆ ಕುರುಚಲು. ಆದರೆ ರಂಗಯ್ಯನದುರ್ಗದ ಈ ಕುರುಚಲಿನಲ್ಲಿಯೇ ಅಪೂರ್ವವಾದ ಕೊಂಡುಕುರಿ ವಾಸವಾಗಿದೆ. ಇದರ ಗಂಡಿಗೆ ನಾಲ್ಕು ಕೊಂಬುಗಳು. ಬೇರಾವ ಕಾಡುಪ್ರಾಣಿಗೂ ಈ ಲಕ್ಷಣವಿಲ್ಲ. ಇದರ ರಕ್ಷಣೆಗಾಗಿ 2011ರಲ್ಲಿ ಅಲ್ಲಿಯ ಸುಮಾರು 77 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಇಂಥ ಪ್ರಾಣಿ ಅಳಿದರೂ ಚಿಂತೆಯೇನು, ತದ್ರೂಪಿ ಸೃಷ್ಟಿಯಿಂದ ಮತ್ತೆ ಪಡೆಯಬಹುದಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಸಾಧುವಾದುದೇ. ಅಳಿವಿನಂಚಿನ ಪ್ರಾಣಿಯ ಚರ್ಮದ ಜೀವಕೋಶವೊಂದನ್ನು ತೆಗೆದು, ಹತ್ತಿರದ ಸಂಬಂಧಿಯ ಅಂಡದಿಂದ ಕೋಶಕೇಂದ್ರವನ್ನು ಹೊರತೆಗೆದು, ಎರಡನ್ನೂ ವಿದ್ಯುತ್ತಿನಿಂದ ಬೆಸೆಯುತ್ತಾರೆ. ಹೀಗೆ ಬೆಳೆದ ಭ್ರೂಣವನ್ನು ಆ ಸಂಬಂಧಿಯ ಗರ್ಭದಲ್ಲಿರಿಸುತ್ತಾರೆ.

ನಮ್ಮ ಮಲೆನಾಡಿನಲ್ಲೂ ಇರುವ ಕಾಟಿಯ ತದ್ರೂಪಿ ಕರುವೊಂದನ್ನು 2001ರ ಜನವರಿಯಲ್ಲಿ ಅಮೆರಿಕದ ಸಾಕುಹಸುವೊಂದು ಈದಿತು. ಈ ಪ್ರಯತ್ನದಲ್ಲಿ ಬಳಸಿದ ಅಂಡಗಳು 692; ಹುಟ್ಟಿದ ಕರು ಒಂದೇ. ಅದೂ ಭೇದಿಯಿಂದ ಎರಡು ದಿನಗಳೊಳಗೆ ಸತ್ತಿತು. ಸ್ಪೇನಿನ ಪಿರನೀಸ್ ಪರ್ವತಗಳ ಕಾಡುಮೇಕೆಯ ಕೊನೆಯ ಹೆಣ್ಣು 2000ದಲ್ಲಿ ಸತ್ತಿತು. 2003ರಲ್ಲಿ ಹುಟ್ಟಿದ ಅದರ ತದ್ರೂಪಿ ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷ ಬದುಕಿತು. ಉಳಿದಿದ್ದರೂ ಅದು ಹೆಣ್ಣೇ, ಜೊತೆಗೆ ಗಂಡೆಲ್ಲಿತ್ತು?

ಹಾಗೆಂದು ಈ ವಿದ್ಯೆಯನ್ನು ನಾವು ಹಳಿಯಲಾರೆವು. ಅಮೆರಿಕದ ಕಪ್ಪುಕಾಲಿನ ಫೆರೆಟ್ ಎಂಬ ಪುಟ್ಟ ಬೇಟೆಪ್ರಾಣಿಯ ಸಂತತಿಯೆಲ್ಲವೂ ಏಳೇ ಪ್ರಾಣಿಗಳಿಂದ ಬಂದುದು. 1988ರಲ್ಲಿ ಸತ್ತ ಇನ್ನೊಂದರ ಕೋಶಗಳನ್ನು ಶೈತ್ಯದಲ್ಲಿ ಕಾಪಾಡಿದ್ದರಿಂದ 2020ರಲ್ಲಿ ಅದರ ತದ್ರೂಪಿ ಸಾಕುಫೆರೆಟ್ಟಿನ ಗರ್ಭದಿಂದ ಜನಿಸಿತು. ಅದೇ ಕೋಶಗಳಿಂದಾದ ಮತ್ತೊಂದು ತದ್ರೂಪಿ 2024ರಲ್ಲಿ ಮರಿಗಳನ್ನೂ ಹೆತ್ತಿತು. ಆದರೆ ಅಲ್ಲಿ ಜೊತೆಗೂಡಲು ಜೀವಂತ ಫೆರೆಟ್ಟುಗಳಿದ್ದುವು, ಗರ್ಭ ನೀಡಲು ಹತ್ತಿರದ ಬಂಧುವಿತ್ತು ಎಂಬುದನ್ನು ಮರೆಯಬಾರದು.

ಕೊಂಡುಕುರಿಗೆ ಅಂಥ ಬಂಧುವಾರು? ಜಗಳೂರಿನ ಕುರಿಯ ಗರ್ಭ ಸಾಲದೆ ಎನ್ನಬಹುದು. ಹೆಸರಿನಲ್ಲಿ ಕುರಿಯಿದ್ದರೂ ಇದು ಕುರಿಯಲ್ಲ. ತನ್ನ ಕುಲದಲ್ಲಿ ಉಳಿದಿರುವ ಒಂದೇ ಪ್ರಭೇದ. ಬದುಕಿರುವವುಗಳಲ್ಲಿ ಇದಕ್ಕೆ ಅತಿ ಹತ್ತಿರದ ನೆಂಟನೆಂದರೆ ನೀಲಗಾಯಿ. ಕೊಂಡುಕುರಿ ಸುಮಾರು 20 ಕಿಲೋಗ್ರಾಂ ತೂಗಿದರೆ ನೀಲಗಾಯಿಯ ಹೆಣ್ಣು ನೂರು ಕಿಲೋಗ್ರಾಮನ್ನೂ ಮೀರುವುದು. ಹಸುವಿಗೂ ಕಾಟಿಗೂ ಇರುವಷ್ಟು ಸಾಮೀಪ್ಯ ಇವುಗಳಲ್ಲಿಲ್ಲ. ಅಷ್ಟು ಸಾಮೀಪ್ಯವಿದ್ದಲ್ಲಿಯೇ ದೊರೆತ ಫಲವನ್ನು ಮೇಲೆ ನೋಡಿದೆವು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ. ಕೊಂಡುಕುರಿಯ ಜೀವಕೋಶಗಳನ್ನು ಈಗಲೇ ಸಂಗ್ರಹಿಸಿ ಶೈತ್ಯದಲ್ಲಿರಿಸುವುದು ವಿವೇಕ. ಆದರೆ ಆ ಸಂಗ್ರಹವನ್ನು ನಂಬಿ ಕುರುಚಲು ಕಾಡನ್ನು ಬೆಂಕಿಗೂ ಬೇಟೆಗಾರರಿಗೂ ಬಿಟ್ಟುಕೊಡುವುದು ಅವಿವೇಕ. ಹೆಮ್ಮರಗಳಿಲ್ಲದ ಈ ನೆಲವನ್ನು ಬೀಳುಭೂಮಿಯೆನ್ನುವ ನಮ್ಮ ಹಳೆಯ ರೂಢಿಯೇ ಮೊದಲು ಹೋಗಬೇಕು. ಕೊಂಡುಕುರಿಗೆ ತಾಯಿಯಾಗಬಲ್ಲುದು ಇಂದಿಗೂ ಕೊಂಡುಕುರಿಯೊಂದೇ. ಆ ತಾಯಿ ಅಡಗಿ ಮರಿ ಹಾಕಲು ಬೇಕಾದ ಹುಲ್ಲು-ಪೊದೆಗಳು ರಂಗಯ್ಯನದುರ್ಗದಲ್ಲಿ ಇನ್ನೂ ಉಳಿದಿವೆ.