ಸೋಡಚೀಟಿಯಿಂದ ಮದುವೆ ಮುಗಿಯದು

ಗಂಡ ಹೆಂಡತಿಗೆ ಹೊಂದಾಣಿಕೆ ಆಗಲಿಲ್ಲ. ಎರಡೂ ಕಡೆಯ ಹಿರಿಯರು ಕೂತು ಮಾತನಾಡಿದರು. ಒಡವೆ, ಪಾತ್ರೆ, ಮದುವೆ ಖರ್ಚಿನ ಲೆಕ್ಕ ಮುಗಿಯಿತು. ‘ಇನ್ನು ಮುಂದೆ ಒಬ್ಬರಿಗೊಬ್ಬರು ಸಂಬಂಧವಿಲ್ಲ’ ಎಂದು ಬಾಂಡ್ ಪೇಪರ್ ಮೇಲೆ ಬರೆಸಿ, ಸಹಿ ಹಾಕಿಸಿ, ನೋಟರಿಯ ಮೊಹರನ್ನೂ ಒತ್ತಿಸಿದರು. ಉತ್ತರ ಕರ್ನಾಟಕದ ಕಡೆ ಇದಕ್ಕೆ ಸೋಡಚೀಟಿ ಎನ್ನುತ್ತಾರೆ. ಕೆಲವೇ ತಿಂಗಳಲ್ಲಿ ಇಬ್ಬರಿಗೂ ಹೊಸ ಸಂಬಂಧ ಹುಡುಕುವುದು ಶುರು. ಕೇಳಿದವರಿಗೆಲ್ಲ ‘ಡೈವೋರ್ಸ್ ಆಗಿದೆ’ ಎಂಬ ಉತ್ತರ ಸಿದ್ಧವಿರುತ್ತದೆ.

ಆದರೆ ಡೈವೋರ್ಸ್ ಆಗಿರುವುದೇ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟ ಮದುವೆ ಕೊನೆಯಾಗಲು ನ್ಯಾಯಾಲಯದ ಡಿಕ್ರಿ ಬೇಕು. ಕೆಲವು ಸಮುದಾಯಗಳಲ್ಲಿ ರೂಢಿಯಲ್ಲಿರುವ ವಿಚ್ಛೇದನವನ್ನು ಕಾಯ್ದೆ ಒಪ್ಪುತ್ತದೆ ನಿಜ. ಆದರೆ ಅಂಥ ರೂಢಿ ತಮ್ಮಲ್ಲಿ ಮೊದಲಿನಿಂದಲೂ ಇದೆ ಎಂಬುದನ್ನು ಹಾಗೆ ಹೇಳಿಕೊಳ್ಳುವವರೇ ಸಾಬೀತು ಮಾಡಬೇಕು. ಇಷ್ಟು ವರ್ಷ ಬೇರೆ ಇದ್ದರೆ ವಿಚ್ಛೇದನ ತಾನಾಗಿಯೇ ಆಗುತ್ತದೆ ಎಂಬ ಮಾತೂ ಸುಳ್ಳು. ಎಷ್ಟೇ ವರ್ಷ ದೂರವಿದ್ದರೂ ಡಿಕ್ರಿ ಇಲ್ಲದಿದ್ದರೆ ಅವರು ಗಂಡ ಹೆಂಡತಿಯೇ.

ಹೀಗಿರುವಾಗ ಇನ್ನೊಂದು ಮದುವೆಯಾದರೆ ಅದು ಅಸಿಂಧು. ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಗೂ ಅವಕಾಶವಿದೆ. ಮೊದಲ ಮದುವೆಯನ್ನು ಮುಚ್ಚಿಟ್ಟು ಮದುವೆಯಾದರೆ ಅದು ಹತ್ತು ವರ್ಷದವರೆಗೂ ಹೋಗಬಹುದು.

ಆದರೆ ಜೈಲಿಗಿಂತ ದೊಡ್ಡ ಪೆಟ್ಟು ಬೀಳುವುದು ಏನೂ ತಿಳಿಯದೆ ಮದುವೆಯಾಗಿ ಬಂದ ಎರಡನೆಯ ಹೆಂಡತಿಗೆ. ಗಂಡ ಉಯಿಲು ಬರೆಯದೆ ತೀರಿಕೊಂಡ ಎನ್ನಿ. ಕಾನೂನಿನ ಲೆಕ್ಕದಲ್ಲಿ ವಾರಸುದಾರಳು ಮೊದಲ ಹೆಂಡತಿ. ಹತ್ತು ವರ್ಷ ಸಂಸಾರ ಮಾಡಿದವಳು ಆಸ್ತಿಗಾಗಿ, ಪಿಂಚಣಿಗಾಗಿ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಆಕೆಯ ಮಕ್ಕಳನ್ನು ಮಾತ್ರ ಕಾನೂನು ಕೈಬಿಟ್ಟಿಲ್ಲ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ರೇವಣಸಿದ್ದಪ್ಪ–ಮಲ್ಲಿಕಾರ್ಜುನ ಪ್ರಕರಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ, ಕೂಡು ಕುಟುಂಬದ ಆಸ್ತಿಯಲ್ಲಿ ತಂದೆ–ತಾಯಿಗೆ ಬರುವ ಪಾಲಿನಲ್ಲಿ ಹಕ್ಕಿದೆ ಎಂದು ನ್ಯಾಯಾಲಯ ಹೇಳಿತು. ಆದರೆ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದ್ದು 2011ರಲ್ಲಿ. ಉತ್ತರ ಸಿಗಲು ಅಲ್ಲಿಂದಲೇ 12 ವರ್ಷ ಬೇಕಾಯಿತು.

2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು ತೆಲಂಗಾಣದ ಮಹಿಳೆಗೆ ಸಂಬಂಧಿಸಿದ್ದು. ಮೊದಲ ಗಂಡನಿಂದ ಬರೀ ಒಪ್ಪಂದ ಪತ್ರದ ಮೂಲಕ ಬೇರೆಯಾಗಿದ್ದ ಆಕೆ ಎರಡನೆಯ ಮದುವೆಯಾಗಿದ್ದರು. ಅದೂ ಮುರಿದುಬಿದ್ದಾಗ, ವಿಷಯ ತಿಳಿದೇ ಮದುವೆಯಾಗಿದ್ದ ಎರಡನೆಯ ಗಂಡ ಜೀವನಾಂಶ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇದು ಸ್ವಾಗತಾರ್ಹ. ಆದರೆ ಕೈಯಲ್ಲಿ ಡಿಕ್ರಿ ಇದ್ದಿದ್ದರೆ ಇಷ್ಟು ದೂರ ಹೋಗಬೇಕಿತ್ತೇ?

‘ಕೋರ್ಟಿಗೆ ಹೋದರೆ ಚಪ್ಪಲಿ ಸವೆಯುತ್ತದೆ, ದುಡ್ಡೂ ಹೋಗುತ್ತದೆ’ ಎಂಬ ಭಯವೇ ಜನರನ್ನು ಬಾಂಡ್ ಪೇಪರ್ ಕಡೆಗೆ ತಳ್ಳುತ್ತದೆ. ಒಬ್ಬರು ಬೇಕು, ಇನ್ನೊಬ್ಬರು ಬೇಡ ಎನ್ನುವಾಗ ಈ ಭಯಕ್ಕೆ ಕಾರಣವಿದೆ. ಆದರೆ ಸೋಡಚೀಟಿಗೆ ಸಹಿ ಹಾಕುವವರು ಇಬ್ಬರೂ ಒಪ್ಪಿಯೇ ಹಾಕುತ್ತಾರಲ್ಲ! ಒಂದು ವರ್ಷದಿಂದ ಬೇರೆ ಇರುವ ದಂಪತಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಜಂಟಿಯಾಗಿ ಅರ್ಜಿ ಹಾಕಬಹುದು. ನಂತರ ಕಾಯಬೇಕಾದ ಆರು ತಿಂಗಳನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರೆ ಅಥವಾ 15100ಕ್ಕೆ ಕರೆ ಮಾಡಿದರೆ ಸಾಕು.

ಇನ್ನು ಡಿಕ್ರಿ ಸಿಕ್ಕರೂ ಎಲ್ಲ ಹೊಣೆ ಕಳೆಯುವುದಿಲ್ಲ. ತನ್ನನ್ನು ತಾನು ಸಾಕಿಕೊಳ್ಳಲಾಗದ ವಿಚ್ಛೇದಿತೆ ಮರುಮದುವೆಯಾಗುವವರೆಗೆ ಜೀವನಾಂಶ ಕೇಳಬಹುದು. ಆಕೆ ಮರುಮದುವೆಯಾದರೂ ಮಗುವನ್ನು ಸಾಕುವ ತಂದೆಯ ಹೊಣೆ ನಿಲ್ಲುವುದಿಲ್ಲ. ಆತನಿಗೆ ಹೊಸ ಸಂಸಾರವಾಗಿದೆ ಎಂಬುದೂ ನೆಪವಾಗದು. ‘ಮಗುವಿನ ಖರ್ಚು ಕೇಳುವುದಿಲ್ಲ’ ಎಂದು ಹಿರಿಯರ ಮುಂದೆ ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗದು. ಹೆಂಡತಿ ಮಾಜಿಯಾಗಬಹುದು, ಮಗು ಮಾಜಿಯಾಗುವುದಿಲ್ಲ.

ವಿಚ್ಛೇದಿತರು ಮತ್ತೆ ಬದುಕು ಕಟ್ಟಿಕೊಳ್ಳುವುದನ್ನು ನಮ್ಮ ತಲೆಮಾರು ಮೊದಲಿನಷ್ಟು ಕೊಂಕಾಗಿ ನೋಡುವುದಿಲ್ಲ. ಅದು ಒಳ್ಳೆಯದೇ. ಜೊತೆಗೆ ಕಾಗದ ಕೇಳುವ ಧೈರ್ಯವೂ ಬರಲಿ. ಜಾತಕ, ಸಂಬಳದ ಚೀಟಿ ಕೇಳಲು ಹಿಂಜರಿಯದ ಮನೆಗಳು ‘ಡೈವೋರ್ಸ್ ಆಗಿದೆ’ ಎಂದಾಕ್ಷಣ ಸುಮ್ಮನಾಗುವುದೇಕೆ? ಡಿಕ್ರಿಯ ದೃಢೀಕೃತ ಪ್ರತಿ ನೋಡಿ. ಮೇಲ್ಮನವಿಯ ಅವಧಿ ಮುಗಿದಿದೆಯೇ ಎಂದು ವಕೀಲರನ್ನು ಕೇಳಿ. ಹಾಗೆ ಕೇಳಿದರೆ ಅದು ಅನುಮಾನವಲ್ಲ. ಬರುವ ಸೊಸೆಗೋ ಅಳಿಯನಿಗೋ ಮುಂದೆ ಹುಟ್ಟುವ ಮಗುವಿಗೋ ಕೋರ್ಟು ಅಲೆಯುವ ಪಾಡು ಬಾರದಿರಲಿ ಎಂಬ ಕಾಳಜಿ ಅಷ್ಟೇ.